ಮೇಷ್ಟ್ರ ಗಾಡಿಮನೆ

ಮನುಷ್ಯನಿಗೆ ಸ್ವಾತಂತ್ರ್ಯಕ್ಕಿಂತ ದೊಡ್ಡ ಸಂಪತ್ತಿಲ್ಲ. ಅದರ ಬಿಡಿಭಾಗಗಳು ಮಾತ್ರ ಈಗ ಸಿಗುವುದಿಲ್ಲ.

ಸಾಗರದಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಹಳೇ ಫೋರ್‌ವ್ಹೀಲ್ ಡ್ರೈವ್ ವ್ಯಾನೊಂದನ್ನು ಕೊಂಡು, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ ಮನೆ ಮಾಡಿಕೊಂಡಿದ್ದರು. ಹೊರಡುವ ಮುಂಚೆ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು, ಡಾಕ್ಟರರಂತೆ ಕಣ್ಣು ಮುಚ್ಚುವರು. ಆಮೇಲೆ, "ಈ ಗಾಡಿಯೊಂದಿದ್ರೆ ಯಾರ ಹಂಗೂ ಇಲ್ಲ ನೋಡಿ" ಎನ್ನುವರು.

ಅವರ ಆಸೆ ಇಷ್ಟೇ: ಒಂದು ರಾತ್ರಿಯಾದರೂ ಅದರೊಳಗೆ ಮಲಗಬೇಕು. ಆದರೆ ಹೊಸನಗರದ ದಾರಿಯಲ್ಲಿ ಎಲ್ಲಿ ನಿಲ್ಲಿಸಿದರೂ ಅದು ಯಾರೋ ನೆಂಟರ ಮನೆಯ ಎದುರೇ ಆಗಿರುತ್ತಿತ್ತು. "ಎಂತ ಭಾವ, ಎಂಗಳ ಮನೇಲಿ ಹಾಸಿಗೆ ಇಲ್ಯಾ?" ಎಂದು ಅವರನ್ನು ದಿಂಬಿನ ಸಮೇತ ಇಳಿಸಿಕೊಂಡು ಹೋಗುವರು. ಒಮ್ಮೆ ಕವಲೇದುರ್ಗದ ಬುಡದಲ್ಲಿ, ಗುರುತೇ ಇಲ್ಲದ ಮನೆಯೊಂದನ್ನು ಹುಡುಕಿ ಅದರೆದುರು ಗಾಡಿ ನಿಲ್ಲಿಸಿದರು. ಆ ಮನೆಯ ಯಜಮಾನ್ತಿ ಅವರ ಹಳೇ ಶಿಷ್ಯೆ. ಅಲ್ಲೂ ಮಲಗಿದ್ದು ಜಗಲಿಯ ಮೇಲೆಯೇ.

ಕಡೆಗೆ ತೀರ್ಥಹಳ್ಳಿಯಲ್ಲಿ ಹಿಂದಿನ ಆಕ್ಸಲ್ ಮುರಿಯಿತು. ಗ್ಯಾರೇಜಿನವನು ಮುಂದಿನದನ್ನೂ ಬಿಚ್ಚಿ ನೋಡಬೇಕೆಂದ. ಅವನು ಪರವೂರಿನವನು, ನೆಂಟನೂ ಅಲ್ಲ, ಶಿಷ್ಯನೂ ಅಲ್ಲ.

"ಸರ್, ನಂದು ಬಾಡಿಗೆ ರೂಮು. ಮೂರು ಜನ ಇದೀವಿ. ನೀವು ಗಾಡೀಲೇ ಮಲಗ್ಬೇಕಾಗುತ್ತೆ" ಎಂದ, ಬಹಳ ಸಂಕೋಚದಿಂದ.

"ಏನ್ಮಾಡೋದು" ಎಂದ ಮೇಷ್ಟ್ರು ಆಗಲೇ ಚಪ್ಪಲಿ ಬಿಟ್ಟು ಗಾಡಿ ಹತ್ತಿದ್ದರು.

ಆ ರಾತ್ರಿ ಅವರು ಸ್ವಂತ ಮನೆಯಲ್ಲಿ ಮಲಗಿದರು. ಮನೆ ಮರದ ದಿಮ್ಮಿಗಳ ಮೇಲಿತ್ತು. ನಾಲ್ಕೂ ಚಕ್ರಗಳು ಗೋಡೆಗೆ ಒರಗಿದ್ದವು.