ಹಡಗಿನ ಕೌಂಟರಿನಲ್ಲಿ ನಾನು ಆಡಿದ ಮಾತು

ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ. ಭಾಲ್ಕಿಯಲ್ಲಿ ಮದುವೆ ಅಡುಗೆಯ ಗುತ್ತಿಗೆ ಹಿಡಿಯುತ್ತೇನೆ. ಬರೆಯುವುದು ನನ್ನ ಕೆಲಸವಲ್ಲ. ಆದರೆ ನನ್ನ ತಂಗಿಯ ಹಡಗಿನ ನೌಕರಿ ಏಕೆ ಹೋಯಿತೆಂದು ನಮ್ಮ ಓಣಿಯಲ್ಲಿ ಹತ್ತು ಮಾತು ಹುಟ್ಟಿವೆ. ಅವಳ ನಡತೆಗೆ ಮಸಿ ಹಚ್ಚುವ ಮಾತುಗಳೂ ಅದರಲ್ಲಿವೆ. ಅವಳ ನೌಕರಿ ಹೋದದ್ದು ನನ್ನಿಂದ. ಬೇರೆ ಯಾರ ಬಾಯಿಂದಲೂ ಅದು ಹೊರಬರುವುದಿಲ್ಲ, ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಧಂದೆಯ ಒಂದು ರೂಢಿ ಹೇಳಬೇಕು. ಮದುವೆ ಮುಗಿದು ಲೆಕ್ಕ ಚುಕ್ತಾ ಮಾಡುವಾಗ ಹೆಣ್ಣಿನ ಕಡೆಯ ಹಿರಿಯರೊಬ್ಬರು ಅಡುಗೆಗೆ ಹೆಸರಿಡಲೇಬೇಕು, ಅಂದರೆ ಏನಾದರೊಂದು ತಪ್ಪು ತೆಗೆಯಲೇಬೇಕು. ಸುಮ್ಮನೆ ‘ಕಡಿಮೆ ಮಾಡು’ ಎಂದರೆ ಬೇಡಿದಂತಾಗುತ್ತದೆ. ತಪ್ಪು ಹುಡುಕಿ ಕೇಳಿದರೆ ಮರ್ಯಾದೆ.

“ಏ ಗುತ್ತೇದಾರ, ಬ್ಯಾಳಿ ನೀರ ನೀರ ಆಗಿತ್ತಲ್ಲೋ?” ಅನ್ನುತ್ತಾರೆ.

“ನಿಮ್ಮ ಬೀಗರು ಮತ್ತ ಮತ್ತ ಹಾಕಿಸ್ಕೊಂಡ್ರಲ್ರಿ, ನೀರಡಿಸಿತ್ತೇನ್ರಿ ಅವರಿಗಿ?” ಅನ್ನುತ್ತೇನೆ.

ಎಲ್ಲರೂ ನಗುತ್ತಾರೆ. ನಾನು ಒಂದಿಷ್ಟು ಬಿಡುತ್ತೇನೆ, ಅವರು ಎಲೆಅಡಿಕೆ ಕೊಡುತ್ತಾರೆ. ಮುಂದಿನ ಮದುವೆಗೆ ಮತ್ತೆ ನನ್ನನ್ನೇ ಕರೆಯುತ್ತಾರೆ. ಆ ತಪ್ಪನ್ನು ಹೇಳಿದವರೂ ನಂಬುವುದಿಲ್ಲ, ಕೇಳಿದವರೂ ನಂಬುವುದಿಲ್ಲ. ಜಗತ್ತಿನ ಎಲ್ಲ ಕಡೆ ಹೀಗೇ ಎಂದು ನಾನು ತಿಳಿದಿದ್ದೆ.

ತಂಗಿ ನನಗಿಂತ ಬಹಳ ಚಿಕ್ಕವಳು. ಮೆಹಕರಕ್ಕೆ ಕೊಟ್ಟಿದ್ದೆವು. ಗಂಡ ಬೇಗ ತೀರಿಕೊಂಡ. ನನ್ನ ಮನೆಗೆ ಬಂದು ಒಂದು ಮಳೆಗಾಲ ಮೂಲೆ ಹಿಡಿದು ಕುಳಿತಳು. ಆಮೇಲೆ ತಾನೇ ಎದ್ದು ಹೈದರಾಬಾದಿನ ಒಂದು ಹೋಟೆಲಿನಲ್ಲಿ ಕೋಣೆ ಒಪ್ಪ ಮಾಡುವ ಕೆಲಸ ಹಿಡಿದಳು. ಅಲ್ಲಿಂದ ಪ್ರವಾಸಿಗರ ದೊಡ್ಡ ಹಡಗಿಗೆ ಹೋದಳು. ಕೆಲವು ತಿಂಗಳು ನೀರಿನ ಮೇಲೆ, ಕೆಲವು ವಾರ ನಮ್ಮ ಮನೆಯಲ್ಲಿ. ಹಡಗಿನವರು ಮತ್ತೆ ಕರೆದರಷ್ಟೇ ಮತ್ತೆ ಕೆಲಸ. ಪ್ರತಿ ಸಲವೂ ಕರೆಯುತ್ತಿದ್ದರು. ತಲೆ ತಗ್ಗಿಸಿ ಬಂದಿದ್ದವಳು ತಲೆ ಎತ್ತಿ ಮಾತಾಡತೊಡಗಿದ್ದು ಆ ಕೆಲಸದಿಂದ.

ಊರಿಗೆ ಬಂದಾಗ ಪ್ರವಾಸಿಗರ ಕತೆ ಹೇಳಿ ನಗಿಸುತ್ತಿದ್ದಳು. ಅವಳ ಕತೆಗಳಲ್ಲಿ ಬಕ್ಷೀಸಿನ ಕತೆಯೇ ಹೆಚ್ಚು.

“ಅಮೇರಿಕಾದವ್ರು ಹಡಗ ಹತ್ತಿದ ಕೂಡಲೇ ಕೈಯಾಗ ನೋಟ ಇಡ್ತಾರ ವೈನಿ. ಜಪಾನದವ್ರಿಗಿ ಬಕ್ಷೀಸ ಅಂದ್ರ ನಾಚಿಕಿ, ಕೊಡೂದೇ ಇಲ್ಲ, ಬಗ್ಗಿ ನಮಸ್ಕಾರ ಮಾಡ್ತಾರ. ಆಸ್ಟ್ರೇಲಿಯಾದವ್ರು, ಟಿಕೀಟಿನ್ಯಾಗೇ ಬಂತಲ್ಲ, ಮತ್ತ್ಯಾಕ ಅಂತಾರ.”

“ಮತ್ತ ನಮ್ಮವ್ರು?” ಎಂದು ನನ್ನ ಹೆಂಡತಿ ಕೇಳಿದಳು.

“ನಮ್ಮವ್ರು ಊಟಾ ಬಡಿಸೋನಿಗಿ ‘ಬೇಟಾ ಬೇಟಾ’ ಅಂದು ಬೆನ್ನ ತಟ್ತಾರ. ಕಡೀ ದಿನ ಕೌಂಟರಿಗಿ ಹೋಗಿ ಸರ್ವಿಸ್ ಚಾರ್ಜ್ ತಗಿಸ್ತಾರ!”

ಆ ಶುಲ್ಕ ಪ್ರತಿ ದಿನ ಪ್ರತಿ ಕೋಣೆಯ ಲೆಕ್ಕಕ್ಕೆ ತಾನಾಗಿಯೇ ಸೇರುತ್ತದಂತೆ. ಕೋಣೆ ಗುಡಿಸುವವರಿಗೆ, ಬಡಿಸುವವರಿಗೆ, ಪ್ರವಾಸಿಗರ ಕಣ್ಣಿಗೆ ಬೀಳದೆ ಕೆಳಗೆ ಪಾತ್ರೆ ತೊಳೆಯುವವರಿಗೆ ಅದರಿಂದಲೇ ಪಾಲು. ಬೇಡವೆಂದವರಿಗೆ ಅವರ ಹಡಗಿನಲ್ಲಿ ತೆಗೆದುಕೊಡುತ್ತಾರೆ. ನಾನೂ ನಕ್ಕಿದ್ದೆ.

ಒಂದು ಸಲ ಅವಳ ಹಡಗು ಮುಂಬೈಯಿಂದ ಗೋವಾ, ಕೊಚ್ಚಿ, ಕೊಲಂಬೊ ಸುತ್ತಿ ಬರುವುದಿತ್ತು. ಸಿಬ್ಬಂದಿಯ ಮನೆಯವರಿಗೆ ಸೋವಿ ದರದ ಟಿಕೀಟು ಇರುತ್ತದೆಂದು ನನಗೂ ಹೆಂಡತಿಗೂ ಅವಳೇ ತೆಗೆಸಿದಳು. ಮೇಲಿನವರನ್ನು ಕೇಳಿಕೊಂಡು ನಮ್ಮ ಕೋಣೆ ಇದ್ದ ಸಾಲನ್ನೇ ತನ್ನ ಪಾಳಿಗೆ ಹಾಕಿಸಿಕೊಂಡಳು.

“ಅಣ್ಣಾ, ಟಿಕೀಟು ನಂದು. ದಿನದ ಸರ್ವಿಸ್ ಚಾರ್ಜ್ ಅಷ್ಟೇ ನೀ ಕೊಡು. ಅದು ನಮ್ಮ ಮಂದಿ ಪಗಾರ ಇದ್ದಂಗ,” ಎಂದು ಹೊರಡುವ ಮುಂಚೆಯೇ ಹೇಳಿದ್ದಳು. ನಾನು ಹೂಂ ಎಂದಿದ್ದೆ.

ಹಡಗಿನಲ್ಲಿ ಅವಳು ನಮ್ಮ ಕೋಣೆಗೆ ಬರುವಾಗ ಎದೆಯ ಮೇಲೆ ಹೆಸರಿನ ಬಿಲ್ಲೆ ಹಾಕಿಕೊಂಡಿರುತ್ತಿದ್ದಳು. ಬೇರೆ ಪ್ರವಾಸಿಗರು ಎದುರಿಗಿದ್ದರೆ ನನ್ನನ್ನು ‘ಸರ್’ ಅನ್ನುತ್ತಿದ್ದಳು. ಬಾಗಿಲು ಮುಚ್ಚಿದ ಮೇಲೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಟವೆಲನ್ನು ಆನೆಯಂತೆ ಮಡಚಿ ಹಾಸಿಗೆಯ ಮೇಲೆ ಕೂಡಿಸುತ್ತಿದ್ದಳು. ನನ್ನ ಹೆಂಡತಿ ಆ ಆನೆಯನ್ನು ಬಿಚ್ಚಲು ಮನಸ್ಸಾಗದೆ ಸೆರಗಿನಿಂದಲೇ ಮುಖ ಒರೆಸಿಕೊಳ್ಳುತ್ತಿದ್ದಳು.

ಕೊನೆಯ ದಿನದ ಸಂಜೆ ಕೋಣೆಯ ಟಿವಿಯಲ್ಲಿ ಲೆಕ್ಕ ತೋರಿಸಿದರು, ಡಾಲರಿನಲ್ಲಿ. ಆ ಶುಲ್ಕ ನೋಡಿ ನನ್ನ ಕೈ ಹಿಂದೆ ಸರಿಯಿತು. ಈ ದುಡ್ಡು ಗುರುತಿಲ್ಲದ ಮಂದಿಗೆಲ್ಲ ಹಂಚಿಹೋಗುವ ಬದಲು ಇಡಿಯಾಗಿ ತಂಗಿಯ ಕೈಗೆ ಹಾಕೋಣ, ಪಂಚಮಿಯ ಉಡುಗೊರೆಯಂತೆ, ಎಂದುಕೊಂಡೆ. ಹೆಂಡತಿಗೆ ಸಮುದ್ರ ನೋಡಿ ಬರುತ್ತೇನೆಂದು ಹೇಳಿ ಕೌಂಟರಿಗೆ ಹೋದೆ.

ಕೌಂಟರಿನ ಹುಡುಗಿಗೆ ಹಿಂದಿ ಬರುತ್ತಿತ್ತು. ಶುಲ್ಕ ತೆಗೆಯಲು ಹೇಳಿದೆ. ಸೇವೆಯಲ್ಲಿ ಏನಾದರೂ ಕೊರತೆಯಾಯಿತೇ ಸರ್ ಎಂದು ಕೇಳಿದಳು. ಏನೂ ಇಲ್ಲ ಎಂದಿದ್ದರೂ ಅವಳು ತೆಗೆದುಕೊಡುತ್ತಿದ್ದಳೇನೋ. ಆದರೆ ಹಾಗೆ ಕೇಳುವುದು ನನಗೆ ಬೇಡಿದಂತೆ ಅನ್ನಿಸಿತು. ಹಾಸಿಗೆಯ ಚಾದರ ಬದಲಿಸುತ್ತಿರಲಿಲ್ಲ, ಬಚ್ಚಲು ನಾರುತ್ತಿತ್ತು ಎಂದೆ. ನಿಜವೇ ಎಂದು ಮತ್ತೊಮ್ಮೆ ಕೇಳಿದಳು. ಸ್ವಲ್ಪ ಅಲ್ಲ, ಬಹಳ, ಎಂದೆ.

ಅವಳು ವಾದಿಸುತ್ತಾಳೆಂದು ಕಾದೆ. ನಮ್ಮಲ್ಲಿ ಎದುರಿನವರು ವಾದಿಸಬೇಕು, ಆಗಲೇ ಆ ಮಾತು ಆಟವಾಗುತ್ತದೆ. ಅವಳು ವಾದಿಸಲಿಲ್ಲ. ಕಂಪ್ಯೂಟರಿನಲ್ಲಿ ಏನೋ ಬಡಿದು, ಕ್ಷಮೆ ಕೇಳಿ, ತಿಳಿಸಿದ್ದಕ್ಕೆ ಧನ್ಯವಾದ ಎಂದಳು. ನಗಲಿಲ್ಲ. ಕೋಣೆಗೆ ತಿರುಗಿ ಬಂದು, ಸಮುದ್ರ ನೋಡಿ ಬಂದೆನೆಂದು ಹೆಂಡತಿಗೆ ಹೇಳಿದೆ.

ಇಳಿಯುವ ದಿನ ಅವಳ ಕೈಗೆ ನೋಟು ತುರುಕಿದೆ.

“ಸರ್ವಿಸ್ ಚಾರ್ಜ್ ಕೊಟ್ಟಿಯಲ್ಲೋ ಅಣ್ಣಾ? ಮತ್ತ ಇದ್ಯಾಕ?”

“ಅದೂ ಕೊಟ್ಟೀನಿ. ಇದು ಅಣ್ಣಂದು.”

ಅವಳು ನಕ್ಕು, ನೋಟುಗಳನ್ನು ಕಣ್ಣಿಗೊತ್ತಿಕೊಂಡಳು.

ಆ ಸಲದ ಕರಾರು ಮುಗಿಸಿ ಅವಳು ಊರಿಗೆ ಬಂದಳು. ಸೂಟ್‌ಕೇಸು ಬಿಚ್ಚಲಿಲ್ಲ. ಎಂದಿನಂತೆ ಕರೆ ಬರಬೇಕಾದ ವೇಳೆ ದಾಟಿತು. ಅವಳೊಡನೆ ಇಳಿದಿದ್ದವರಿಗೆಲ್ಲ ಕರೆ ಬಂತು. ಅವಳು ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಎದುರಿಗೆ ಕುಳಿತು ಕಡ್ಲಿ ಹಸನು ಮಾಡುತ್ತಿದ್ದಳು. ಬೇರೆ ಯಾರದೋ ಫೋನು ಹೊಡೆದುಕೊಂಡರೂ ಕೈ ನಿಲ್ಲುತ್ತಿತ್ತು. ಮನೆಯಲ್ಲಿ ನಗು ಕಡಿಮೆಯಾಯಿತು. ಓಣಿಯ ಹೆಂಗಸರು, “ಈ ಸರ್ತಿ ಭಾಳ ದಿನ ಉಳದ್ಯಲ್ಲವಾ?” ಎಂದು ಕೇಳತೊಡಗಿದರು.

ಒಂದು ಮಧ್ಯಾಹ್ನ ಅವಳ ಗೆಳತಿ ಹಡಗಿನಿಂದ ಫೋನು ಮಾಡಿದಳು. ಮಾತು ಮುಗಿಸಿ ತಂಗಿ ನನ್ನ ಹತ್ತಿರ ಬಂದಳು.

“ಅಣ್ಣಾ, ನಾ ನೋಡ್ಕೊತಿದ್ದ ಸಾಲಿನ ಮ್ಯಾಲ ಯಾರೋ ಶಿಕಾಯತ ಮಾಡ್ಯಾರಂತ. ಹೊಲಸು ಇತ್ತಂತ. ನೀವು ಬಂದಾಗಿನ ಟ್ರಿಪ್ಪಿನ್ಯಾಗೇ. ನಿಮ್ಮ ಬಾಜೂಕ ಯಾರರ ಸಿಟ್ಟಿನವ್ರು ಇದ್ರೇನು?”

ಸೌಟು ನನ್ನ ಕೈಯಲ್ಲಿತ್ತು. ಹೇಳಿಬಿಡಬೇಕಿತ್ತು.

“ಬಾಜೂದಾಗ ಒಬ್ಬ ಮುದುಕ ಇದ್ದ ನೋಡು. ಯಾವಾಗ ನೋಡಿದ್ರೂ ವಟವಟ ಅಂತಿದ್ದ,” ಎಂದೆ.

“ಆ ಮುಂಬೈ ಅಜ್ಜನ? ನನಗ ಮಗಳ ಅಂತಿದ್ದನಲ್ಲೋ!” ತನ್ನನ್ನು ಮಗಳೆಂದ ಆ ಮನುಷ್ಯನನ್ನು ಅವಳು ಆ ದಿನದಿಂದ ದ್ವೇಷಿಸಿದಳು. ಆ ಪಾಪವೂ ನನ್ನದೇ.

ಮರುದಿನ ಅವಳು ಮುಂಬೈಯ ಕಚೇರಿಗೆ ಫೋನು ಹಚ್ಚಿದಳು. ನಾನು ಎದುರಿಗೇ ಇದ್ದೆ. ತನ್ನ ಸ್ವಂತ ಅಣ್ಣನೇ ಆ ಸಾಲಿನಲ್ಲಿದ್ದ, ಎಷ್ಟು ಸ್ವಚ್ಛ ಇತ್ತೆಂದು ಅವನನ್ನೇ ಕೇಳಿರಿ, ಎಂದು ನನ್ನ ನಂಬರು ಕೊಟ್ಟಳು. ನನ್ನನ್ನು ಸಾಕ್ಷಿ ಮಾಡಿದಳು.

ಅಂದಿನಿಂದ ನನ್ನ ಫೋನು ಹಾವಿನಂತಾಯಿತು. ಜೇಬಿನಲ್ಲಿದ್ದರೂ ಭಯ, ಮನೆಯಲ್ಲಿ ಬಿಟ್ಟರೂ ಭಯ. ಔರಾದ ತಾಲೂಕಿನ ಚಿಂತಾಕಿಯಲ್ಲಿ ಒಂದು ಮದುವೆ ಹಿಡಿದಿದ್ದೆ. ಊಟದ ಪಂಗತಿ ಕುಳಿತಿತ್ತು, ಹೆಣ್ಣಿನ ಸೋದರಮಾವ ಪಕ್ಕದಲ್ಲಿ ನಿಂತು ತುಪ್ಪದ ಬಗ್ಗೆ ಏನೋ ಹೇಳುತ್ತಿದ್ದರು. ಆಗ ಫೋನು ಬಂತು.

ಆ ಕಡೆ ಒಬ್ಬ ಸಮಾಧಾನದ ಗಂಡಸು, ಹಿಂದಿಯಲ್ಲಿ. ನೀವು ಆಕೆಯ ಅಣ್ಣನೇ ಎಂದು ಕೇಳಿದ. ದೂರು ನಿಮ್ಮ ಕೋಣೆಯಿಂದಲೇ ಬಂದಿದೆ, ನೀವು ಅಂದು ಹೇಳಿದ್ದು ನಿಜವೇ, ನಿಜವಲ್ಲದಿದ್ದರೆ ಈಗಲೇ ಹೇಳಿ, ಆಕೆಯ ಜಾಗ ಇನ್ನೂ ತುಂಬಿಲ್ಲ ಎಂದ.

ಒಂದು ಮಾತಿನ ಕೆಲಸವಾಗಿತ್ತು. ಸುಳ್ಳು ಹೇಳಿದ್ದೆ ಸಾಹೇಬರೆ, ಎಂದರೆ ಸಾಕಿತ್ತು. ಸೋದರಮಾವ ನನ್ನ ಮುಖವನ್ನೇ ನೋಡುತ್ತಿದ್ದರು. ಆ ಮಾತು ಮುಂಬೈಯಿಂದ ತಿರುಗಿ ತಂಗಿಯ ಕಿವಿಗೆ ಬೀಳುವುದೂ ಕಣ್ಣಿಗೆ ಕಟ್ಟಿತು. ನಾನು, ತೀರಾ ಅಷ್ಟಲ್ಲ ಸಾಹೇಬರೆ, ಸ್ವಲ್ಪ ಹೆಚ್ಚುಕಡಿಮೆ ಇತ್ತು, ಎಂದೆ. ನಮ್ಮ ಧಂದೆಯಲ್ಲಿ ಇದು ಇಳಿದುಬಂದ ಮಾತು, ಅರ್ಧ ರಾಜಿ ಆದಂತೆ. ಅವನೂ ಅರ್ಧ ಇಳಿಯುತ್ತಾನೆಂದು ಕಾದೆ. ಅವನು ಧನ್ಯವಾದ ಹೇಳಿ ಫೋನಿಟ್ಟ.

ಮನೆಗೆ ಬಂದಾಗ ತಂಗಿ, “ಫೋನ್ ಬಂದಿತ್ತೇನಣ್ಣಾ?” ಎಂದಳು.

“ಬಂದಿತ್ತು. ಛಂದ ಹೇಳೀನಿ.”

ಕೆಲವು ದಿನಗಳಲ್ಲಿ ಕಚೇರಿಯವರು ಬೇಡವೆಂದು ತಿಳಿಸಿದರು. ಕಾರಣ ಹೇಳಲಿಲ್ಲ. ಬೇರೆ ಹಡಗಿನವರು ಹಳೆಯ ಹಡಗಿನವರನ್ನು ವಿಚಾರಿಸಿ ಸುಮ್ಮನಾದರು. ಆಮೇಲೆ ಹೈದರಾಬಾದಿನ ಒಬ್ಬ ಏಜೆಂಟ ಸಿಕ್ಕ. ಕೊಲ್ಲಿಯ ಕಡೆ ಒಂದು ದೊಡ್ಡ ಮನೆತನದಲ್ಲಿ ಕೆಲಸ ಎಂದ. ಯಾವ ಊರು, ಎಂಥ ಕೆಲಸ ಎಂದರೆ ಅಲ್ಲಿ ಹೋದ ಮೇಲೆ ಹೇಳುತ್ತಾರೆ ಎಂದ. ಪಾಸ್‌ಪೋರ್ಟು ಮೊದಲೇ ಇಸಿದುಕೊಂಡ. ನನ್ನ ಹೆಂಡತಿ ಅತ್ತು ಬೇಡವೆಂದಳು. “ಇಲ್ಲಿ ಕುಂತು ಏನ ಮಾಡ್ಲಿ ವೈನಿ? ಮಂದಿ ಮಾತ ಕೇಳ್ಲಿ?” ಎಂದಳು ತಂಗಿ.

ಬೀದರದವರೆಗೆ ಆಟೋ ಮಾಡಿಕೊಂಡು ಬಸ್‌ಸ್ಟ್ಯಾಂಡಿಗೆ ನಾನೇ ಕರೆದುಕೊಂಡು ಹೋದೆ. ಆಟೋದಲ್ಲಿ ಅವಳು ಹೊರಗೆ ನೋಡುತ್ತ, “ನಿನ್ನ ಮಾತಿಗೂ ಅವ್ರು ಕಿಮ್ಮತ್ತು ಕೊಡಲಿಲ್ಲಲ್ಲಣ್ಣಾ,” ಎಂದಳು.

ಅದನ್ನು ನನ್ನಿಂದ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಕೌಂಟರಿನದು, ಮುದುಕನದು, ಚಿಂತಾಕಿಯ ಫೋನಿನದು. ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿದ.

ಅವಳು ಕೂಗಲಿಲ್ಲ. “ಹೊಲಸು ಅಂದ್ಯಾ?” ಎಂದಳು. “ನೀ ಇದ್ದಿ ಅಂತ ನಾ ದಿನಾ ಎರಡ ಸಲ ಚಾದರ ಬದಲಿ ಮಾಡೀನಿ.” ಆಮೇಲೆ, “ಈಗ ಹಚ್ಚು ಫೋನು,” ಎಂದಳು.

ಹಚ್ಚಿದೆ. ಆ ಗಂಡಸೇ ಎತ್ತಿಕೊಂಡ. ಈ ಸಲ ಬಿಡಿಸಿ ಹೇಳಿದೆ. ಅವನು ಪೂರ್ತಿ ಕೇಳಿದ. ಎರಡು ಸಲ ಒಂದು ಹೇಳಿ ಮೂರನೆಯ ಸಲ ಇನ್ನೊಂದು ಹೇಳಿದರೆ ಯಾವುದನ್ನು ನಂಬಲಿ, ತಂಗಿ ಪಕ್ಕದಲ್ಲಿ ಕುಳಿತು ಹೇಳಿಸುತ್ತಿದ್ದಾಳೆಯೇ, ಎಂದು ಕೇಳಿದ. ಅವಳ ಜಾಗಕ್ಕೆ ಬೇರೆಯವರು ಬಂದಾಗಿದೆ ಎಂದ.

ಅವಳು ಫೋನು ಕಸಿದುಕೊಳ್ಳಲಿಲ್ಲ. ಚೀಲ ಇಳಿಸಿಕೊಂಡು ಹೈದರಾಬಾದಿನ ಬಸ್ಸು ಹತ್ತಿದಳು. ನಾನು ನಿಂತ ಕಡೆ ಕಿಟಕಿಯ ಪಕ್ಕ ಜಾಗವಿದ್ದರೂ ಆ ಕಡೆಯ ಸಾಲಿನಲ್ಲಿ ಹೋಗಿ ಕುಳಿತಳು.

ಈಗ ಅವಳು ನನ್ನ ಹೆಂಡತಿಗೆ ಮಾತ್ರ ಫೋನು ಮಾಡುತ್ತಾಳೆ, ಅದೂ ಯಾರದೋ ನಂಬರಿನಿಂದ. ಪರದೆಯಲ್ಲಿ ಮುಖ ಕಾಣುತ್ತದೆ, ಹಿಂದೆ ಬರೀ ಗೋಡೆ. ಊಟ ಆಯಿತೇ ಎಂದು ಕೇಳುತ್ತಾಳೆ. ಆ ಕಡೆಯಿಂದ ಯಾರೋ ಕರೆದ ಕೂಡಲೇ ಮಾತು ನಡುವೆಯೇ ಬಿಟ್ಟು ಹೋಗುತ್ತಾಳೆ. ಹೋದ ಸಲ ಕೈಗೆ ಬಟ್ಟೆ ಸುತ್ತಿಕೊಂಡಿದ್ದಳಂತೆ. ಹೆಂಡತಿ ಕೇಳಿದರೆ ಏನಿಲ್ಲ ಅಂದಳಂತೆ. ನಾನು ಪಕ್ಕದ ಕೋಣೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತೇನೆ. ಒಳಗೆ ಹೋಗಿ, ತಿರುಗಿ ಬಾ ಎನ್ನುವ ಧೈರ್ಯ ನನಗಿನ್ನೂ ಬಂದಿಲ್ಲ.