ಸತ್ತ ಮೇಲೂ ಎದ್ದು ಹಾಡುವ ಉಚ್ಚೆಂಗೆಪ್ಪ

ಬಾದನಹಟ್ಟಿಯ ಉಚ್ಚೆಂಗೆಪ್ಪ ಮೂವತ್ತು ವರ್ಷ ನಾಟಕದಲ್ಲಿ ಸತ್ತಿದ್ದಾನೆ. ಸತ್ತಾಗಲೆಲ್ಲ ಜನ ‘ಒನ್ಸ್ ಮೋರ್’ ಅಂದಿದ್ದಾರೆ. ಇವನು ಮೈ ಕೊಡವಿಕೊಂಡು ಎದ್ದು, ಅದೇ ಹಾಡನ್ನು ಮತ್ತೆ ಹಾಡಿ, ಮತ್ತೆ ಸತ್ತಿದ್ದಾನೆ. ನಮ್ಮ ಕಡೆ ನಾಟಕ ಅಂದರೆ ಹಾಗೇ, ಇದರಲ್ಲಿ ನಗುವಂಥದ್ದೇನೂ ಇಲ್ಲ. ಹೊಟ್ಟೆಪಾಡಿಗೆ ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಚೀಲ ತೂಗುವ ಕೆಲಸ. ಊರಲ್ಲಿ ಮಾತ್ರ ‘ಹಾಡೋ ಉಚ್ಚೆಂಗೆಪ್ಪ’ ಅಂತಲೇ ಗುರುತು. ಹೆಂಡತಿ ಪಾರಮ್ಮ ಒಪ್ಪಿದ್ದೂ ಆ ಕಂಠ ಕೇಳಿಯೇ. ಮುಖ ನೋಡಿ ಅಲ್ಲ ಎಂದು ಅವಳೇ ಹೇಳುತ್ತಾಳೆ.

ಎರಡು ವರ್ಷದ ಹಿಂದೆ ಬೆಂಗಳೂರಿನ ಟಿವಿ ತಂಡವೊಂದು ಕುರುಗೋಡು ಗುಡ್ಡಕ್ಕೆ ಬಂತು. ಟೋಪಿ, ಬೂಟು, ಕುದುರೆ, ಕೋವಿ ಇರುವ ಕೌಬಾಯ್ ಧಾರಾವಾಹಿ ಅಂತೆ. ಅದಕ್ಕೆ ಅಮೆರಿಕದ ಬಂಡೆ ಬೇಕಿತ್ತಂತೆ, ನಮ್ಮ ಬಂಡೆಯೇ ಸಾಕಾಯಿತು. ಕುದುರೆ ಮೇಲೆ ಕೂತು ಹಾಡುವ ಪಾತ್ರ ಉಚ್ಚೆಂಗೆಪ್ಪನಿಗೆ ಸಿಕ್ಕಿತು. ತಂಡದವರು ತಂದ ಬೂಟು ಕಾಲಿಗೆ ಹತ್ತಲಿಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಗೆ ಹೋಗಿ ದೊಡ್ಡ ಜೋಡಿ ತಂದು, ಮುಂದೆ ಹತ್ತಿ ತುರುಕಿ ಹಾಕಿಕೊಂಡ. ಕುದುರೆ ಎರಡು ಸಲ ಕೆಡವಿತು. ಮೂರನೇ ದಿನದಿಂದ ಇಬ್ಬರಿಗೂ ಹೊಂದಿಕೆಯಾಯಿತು.

ಮೊದಲ ಕಂತು ಬಂದ ಸಂಜೆ ಓಣಿಯೆಲ್ಲ ಅವನ ಮನೆಯಲ್ಲೇ. ಪರದೆ ಮೇಲೆ ಉಚ್ಚೆಂಗೆಪ್ಪ ಬಾಯಿ ತೆರೆದ. ಬಂದದ್ದು ಬೇರೆ ಯಾರದೋ ನುಣ್ಣನೆ ದನಿ!

“ಬಾಯಿ ನಿಂದು, ದನಿ ಯಾವಂದು?” ಎಂದಳು ಪಾರಮ್ಮ.

ಭೂಮಿ ಬಾಯಿ ಬಿಡಬಾರದೇ ಅನಿಸಿತು ಅವನಿಗೆ. ವಿಚಾರಿಸಿದರೆ, ಅವನ ಕಂಠ ಟಿವಿಗೆ ಗಡಸಾಯಿತಂತೆ. ಗಡಸಂತೆ! ಮೈಕಿಲ್ಲದೆ ಕೊನೆಯ ಸಾಲಿನವರಿಗೆ ಮುಟ್ಟುವ ದನಿ ಮತ್ತೆ ಹೇಗಿರಬೇಕು? ಅರವತ್ತು ಕಂತು ಬರೀ ತುಟಿ ಅಲ್ಲಾಡಿಸಿದ. ಹೋದಲ್ಲೆಲ್ಲ ಜನ ಅವನ ಜೊತೆ ಫೋಟೊ ತೆಗೆಸಿಕೊಂಡರು. ಪಾರಮ್ಮ ಮಾತ್ರ ಹಾಡು ಬಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದಳು. ಅದೊಂದೇ ಅವನನ್ನು ಕೊರೆಯುತ್ತಿತ್ತು.

ಕೊನೆಗೆ ಅವನ ಪಾತ್ರ ಗುಂಡು ತಿಂದು ಸಾಯುವ ಕಂತಿನ ಶೂಟಿಂಗ್ ಬಂತು. ಉಚ್ಚೆಂಗೆಪ್ಪ ನಿರ್ದೇಶಕ ವಿಜಯಕುಮಾರನ ಮುಂದೆ ಹೋಗಿ ನಿಂತ.

“ಸಾರ್, ಇದೊಂದು ಹಾಡು ನನ್ನ ದನಿಯಾಗ ಬರ್ಲಿ. ಬ್ಯಾರೆ ಏನೂ ಕೇಳಂಗಿಲ್ರಿ.”

ವಿಜಯಕುಮಾರ ಒಳ್ಳೆಯವನೇ. “ಆಯ್ತು, ಇಲ್ಲೇ ನೇರವಾಗಿ ರೆಕಾರ್ಡ್ ಮಾಡೋಣ. ಆದ್ರೆ ಒಂದೇ ಸಲ. ಬೆಳಕು ಹೋಗುತ್ತೆ, ನಾಳೆ ಬೆಳಿಗ್ಗೆ ನಾವು ಹೊರಡಬೇಕು” ಎಂದ.

ಸುದ್ದಿ ಕೇಳಿ ಬಾದನಹಟ್ಟಿಯ ಜನ ಎರಡು ಟ್ರ್ಯಾಕ್ಟರ್ ತುಂಬಿ ಬಂದರು. ಉಚ್ಚೆಂಗೆಪ್ಪ ಬಂಡೆಗೊರಗಿ, ಎದೆ ಹಿಡಿದುಕೊಂಡು, ಜೀವ ಬಿಟ್ಟು ಹಾಡಿದ. ಎರಡನೇ ಚರಣಕ್ಕೇ ಜನಕ್ಕೆ ತಡೆಯಲಾಗಲಿಲ್ಲ. ಸಿಳ್ಳೆ, ಚಪ್ಪಾಳೆ, ‘ಒನ್ಸ್ ಮೋರ್!’ ಅವನು ಹಾಡು ಮುಗಿಸಿ ಸತ್ತ. ಕೂಗು ನಿಲ್ಲಲಿಲ್ಲ. ಮೂವತ್ತು ವರ್ಷದ ರೂಢಿ ನೋಡಿ, ಎದ್ದ, ಪ್ಯಾಂಟಿನ ಧೂಳು ಕೊಡವಿದ, ಮತ್ತೆ ಮೊದಲಿಂದ ಎತ್ತಿಕೊಂಡ.

“ಸತ್ತೋರು ಏಳ್ತಾರೇನ್ರೀ!” ವಿಜಯಕುಮಾರ ತಲೆಯ ಮೇಲೆ ಕೈ ಹೊತ್ತ.

“ಜನ ಕರದ್ರ ಏಳ್ಬೇಕಲ್ರೀ ಸಾರ್.”

ಅಂದ ಮೇಲೆಯೇ ಏನಾಯಿತೆಂದು ಅವನಿಗೆ ತಿಳಿದದ್ದು. ಸೂರ್ಯ ಗುಡ್ಡದ ಹಿಂದೆ ಇಳಿದಿದ್ದ. ರೆಕಾರ್ಡಿನ ತುಂಬ ಬರೀ ಸಿಳ್ಳೆ. ಇನ್ನು ಬೆಂಗಳೂರಿನ ದನಿಯೇ ಗತಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಆ ಕಂತು ಬರುವ ಸಂಜೆ ಓಣಿ ಮತ್ತೆ ಸೇರಿತು. ಸಿಳ್ಳೆ ಹೊಡೆದವರೆಲ್ಲ ಪಾಪ, ಮುದುಡಿ ಕೂತಿದ್ದರು. ಪರದೆಯಲ್ಲಿ ಗುಂಡು ಹಾರಿತು, ಅದೇ ನುಣ್ಣನೆ ದನಿ ಶುರುವಾಯಿತು. ಪಾರಮ್ಮ ಎದ್ದಳು. ಒಳಗೆ ಹೋಗುತ್ತಾಳೆ ಎಂದುಕೊಂಡು ಉಚ್ಚೆಂಗೆಪ್ಪ ತಲೆ ತಗ್ಗಿಸಿದ. ಅವಳು ರಿಮೋಟ್ ಹುಡುಕಿ ಟಿವಿಯ ದನಿ ಪೂರಾ ಬಂದ್ ಮಾಡಿದಳು.

“ಈಗ ಹಾಡು.”

ಅವನು ಹಾಡಿದ, ಪರದೆಯ ತುಟಿಗೆ ಸರಿಯಾಗಿ, ತನ್ನ ಗಡಸು ಕಂಠದಲ್ಲಿ. ಪಾರಮ್ಮನ ಕಣ್ಣು ತುಂಬಿತು. ಪರದೆಯಲ್ಲಿ ಅವನು ಸತ್ತ. ಸಾಬೂನಿನ ಜಾಹೀರಾತು ಬಂತು. ಓಣಿಯ ಜನ ಬಾಯಿ ತೆರೆಯಲು ಹೆದರಿ ಸುಮ್ಮನಿದ್ದರು.

“ಒನ್ಸ್ ಮೋರ್” ಎಂದಳು ಪಾರಮ್ಮ.