ನೂಲು ಮೇಸ್ತ್ರಿ ಮತ್ತು ದಿಕ್ಕಿನ ಬಾಣ

ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ನೂಲು ಮೇಸ್ತ್ರಿ ಬಟ್ಟೆ ಗಿರಣಿಯ ಮೂರನೇ ಮಹಡಿಯ ಖಾಲಿ ಕೋಣೆಯಲ್ಲಿ ಮಂಡಿಯೂರಿ, ಹೆಂಡತಿಯ ಅಣ್ಣ ಹಿಂದಿನ ಸಂಜೆ ಎಳೆದು ಹೋಗಿದ್ದ ಸೀಮೆಸುಣ್ಣದ ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಒರೆಸುವುದರಲ್ಲಿ ಅವಸರವೇನೂ ಇರಲಿಲ್ಲ. ಒಂದು ತುದಿಯಿಂದ ಶುರು ಮಾಡಿ, ಬಟ್ಟೆ ಹಿಂಡಿ, ಮತ್ತೆ ಒರೆಸಿ, ಅಲ್ಲೊಂದು ಗೆರೆ ಇತ್ತೆಂಬ ಗುರುತೂ ಉಳಿಯದ ಹಾಗೆ ಮಾಡಿದ. ಆಮೇಲೆ ಎಡಗೈಯ ಗಡಿಯಾರ ಬಿಚ್ಚಿ ನೆಲದ ಮೇಲಿಟ್ಟ.

ಆ ಕೋಣೆ ಗಿರಣಿ ಕೆಲಸಗಾರರ ನಮಾಜಿಗೆಂದು ಸಿದ್ಧವಾಗುತ್ತಿತ್ತು. ನೇಯ್ಗೆ ವಿಭಾಗದ ಸೂಪರ್‌ವೈಸರ್ ಆಗಿದ್ದು ನಿವೃತ್ತನಾದ ಈ ಭಾವನೇ ಆಡಳಿತದವರ ಬೆನ್ನು ಬಿದ್ದು ಅದನ್ನು ಮಂಜೂರು ಮಾಡಿಸಿದ್ದ. ಕೋಣೆಯ ಗೋಡೆಗಳು ಕಿಬ್ಲಾಕ್ಕೆ, ಅಂದರೆ ನಮಾಜಿನಲ್ಲಿ ಮುಖ ಮಾಡಬೇಕಾದ ಮೆಕ್ಕಾದ ದಿಕ್ಕಿಗೆ, ನೇರವಾಗಿರಲಿಲ್ಲ. ಆದ್ದರಿಂದ ಟೈಲ್ಸನ್ನು ಗೋಡೆಗೆ ಓರೆಯಾಗಿಯೇ ಕೂರಿಸಬೇಕಿತ್ತು. ಬಿಳಿ ಟೈಲ್ಸಿನ ನಡುನಡುವೆ ಬೂದು ಪಟ್ಟಿಗಳು ಬರಬೇಕು. ಪಟ್ಟಿಗೆ ಹಿಮ್ಮಡಿ ತಾಗಿಸಿ ನಿಂತರೆ ಸಾಲೂ ನೆಟ್ಟಗೆ, ಮುಖವೂ ಸರಿಯಾದ ಕಡೆಗೆ. ಭಾವ ಕಿಟಕಿಯಿಂದ ಕಾಣುವ ಹಳೆಯ ಮಸೀದಿಯ ಗೋಡೆಗೆ ಕಣ್ಣು ನೆಟ್ಟು, ಅದಕ್ಕೆ ಸಮನಾಗಿ ಗೆರೆ ಎಳೆದಿದ್ದ. ಮೇಸ್ತ್ರಿಯ ಗಡಿಯಾರದೊಳಗಿನ ದಿಕ್ಕಿನ ಬಾಣದ ಪ್ರಕಾರ ಆ ಗೆರೆ ತಪ್ಪು.

ಮೇಸ್ತ್ರಿಗೆ ಬೇಕಾಗಿದ್ದದ್ದೂ ಅದೇ.

ಅವನಿಗೆ ನೂಲು ಮೇಸ್ತ್ರಿ ಎಂಬ ಅಡ್ಡಹೆಸರು ಬಂದದ್ದು ಅವನು ಕಟ್ಟುವ ದಾರದಿಂದ. ಬಚ್ಚಲುಮನೆಯಷ್ಟು ಸಣ್ಣ ಜಾಗವಾದರೂ ಮೊದಲು ಎರಡು ಮೊಳೆ, ನಡುವೆ ಬಿಗಿದ ನೂಲು; ನೂಲಿಗೆ ತಾಗದ ಟೈಲ್ಸನ್ನು ಹಸಿ ಗಾರೆಯಿಂದ ಕಿತ್ತು ಮತ್ತೆ ಕೂರಿಸುತ್ತಿದ್ದ. ಸಂದುಗಳನ್ನು ಉಗುರಿನಿಂದ ಮುಟ್ಟಿ ನೋಡುತ್ತಿದ್ದ. ಜೊತೆಗೆ ಕೆಲಸ ಮಾಡುವವರು ಅವನನ್ನು ಬೈದುಕೊಂಡೇ ಅವನ ಹಾಗೆ ಕೆಲಸ ಕಲಿತಿದ್ದರು. ಇಷ್ಟಿದ್ದರೂ ಭಾವನ ಕಣ್ಣಿಗೆ ಅವನು ‘ಗಾರೆ ಕೈ’ಯೇ. ಮದುವೆಯ ಮಾತುಕತೆಯ ದಿನ ತುಂಬಿದ ಪಡಸಾಲೆಯಲ್ಲಿ, “ನಮ್ಮ ಹುಡುಗಿಗೆ ಸಿಕ್ಕಿದ್ದು ನೆಲ ತಿಕ್ಕೋನು” ಎಂದು ಭಾವ ನಕ್ಕಿದ್ದ. ಮೇಸ್ತ್ರಿ ಅಂದು ನಗಲಿಲ್ಲ, ಮುಂದೆಯೂ ಅದನ್ನು ಮರೆಯಲಿಲ್ಲ. ಇಬ್ಬರೂ ಒಂದೇ ಬೀದಿಯಲ್ಲಿ ಮನೆ ಮಾಡಿಕೊಂಡು, ಹಲ್ಲು ಕಡಿದುಕೊಂಡೇ ಇಷ್ಟು ವರ್ಷ ಕಳೆದಿದ್ದರು.

ಗಡಿಯಾರ ಮಗಳು ಕೊಡಿಸಿದ್ದು. ಅಂಕಿಗಳ ಕೆಳಗೆ ಇಸ್ಲಾಮೀ ಪಂಚಾಂಗದ ಹಿಜರಿ ತಾರೀಖು, ಐದು ಹೊತ್ತಿನ ನಮಾಜಿಗೆ ಬೇರೆಬೇರೆ ಸದ್ದು, ಬಲಗಡೆಯ ಗುಂಡಿ ಒತ್ತಿದರೆ ಕಿಬ್ಲಾ ತೋರಿಸುವ ಹಸಿರು ಬಾಣ. ಮೇಸ್ತ್ರಿ ಅದರ ಕೈಪಿಡಿಯನ್ನು ಪರೀಕ್ಷೆಗೆ ಓದುವವನಂತೆ ಓದಿದ. ಮೊದಲ ಸಲ ಅದನ್ನು ಮೆರೆಸಿದ್ದು ಭಾವನ ಮನೆಯ ಊಟದಲ್ಲಿ. ಅಲ್ಲೇ ಮುಖಭಂಗವಾಯಿತು. ದೀಪ ಹಚ್ಚಿದ ಮೇಲೆ ಭಾವ, “ಇವತ್ತು ತಿಂಗಳ ಹನ್ನೊಂದು” ಎಂದ. ಮೇಸ್ತ್ರಿ ಮಣಿಕಟ್ಟು ಮುಂದೆ ಮಾಡಿ, “ಅಲ್ಲ, ಹತ್ತು” ಎಂದ.

“ಸೂರ್ಯ ಮುಳುಗಿದ ಕೂಡ್ಲೇ ತಾರೀಖು ಬದಲಾಗುತ್ತೆ ಕಣಯ್ಯಾ. ನಿನ್ನ ಗಡಿಯಾರಕ್ಕೆ ಯಾರೂ ಹೇಳಿಲ್ವಾ? ಪಾಪ, ತಾರೀಖು ಬದಲಾಯ್ಸೋಕೆ ಅದು ಮಧ್ಯರಾತ್ರಿ ತನಕ ಎದ್ದಿರುತ್ತೆ.”

ಊಟಕ್ಕೆ ಕೂತವರೆಲ್ಲ ನಕ್ಕರು. ಮೇಸ್ತ್ರಿಯ ಹೆಂಡತಿ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಂದಿನಿಂದ ಮೇಸ್ತ್ರಿ ಕಾಯುತ್ತಿದ್ದ. ತಾರೀಖಿನಲ್ಲಿ ಹೋದ ಮಾನವನ್ನು ದಿಕ್ಕಿನಲ್ಲಿ ವಸೂಲಿ ಮಾಡಬೇಕಿತ್ತು.

ನಡುವೆ ಗಡಿಯಾರದ ರಬ್ಬರ್ ಪಟ್ಟಿಯನ್ನು ಸಿಮೆಂಟ್ ನೀರು ತಿಂದುಹಾಕಿತು. ಬಕಲ್ ಪಟ್ಟಿ ಹಾಕಿದರೆ ಗಾರೆ ಮೆತ್ತಿದ ಬೆರಳಿಗೆ ಸಿಗುವುದಿಲ್ಲ, ತೂತಿನಲ್ಲಿ ಸಿಮೆಂಟ್ ಕಲ್ಲಾಗುತ್ತದೆ. ಅಂಗಡಿಯವನು ಉಕ್ಕಿನ ಜಾಲರಿಯದೊಂದು ಪಟ್ಟಿ ತೋರಿಸಿದ: ತುದಿ ತಂದರೆ ಸಾಕು, ಟಪ್ಪೆಂದು ತಾನೇ ಅಂಟಿಕೊಳ್ಳುತ್ತದೆ, ಒಂದೇ ಕೈಯಲ್ಲಿ ಹಾಕಬಹುದು, ತೆಗೆಯಬಹುದು. ಟೈಲ್ಸ್ ಕೆಲಸದವನಿಗೆ ಹೇಳಿ ಮಾಡಿಸಿದ ಹಾಗಿತ್ತು. ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಡತಿ ಮಾತ್ರ ಗೊಣಗಿದಳು: “ನಿಮ್ಮ ಗಡಿಯಾರ ನನ್ನ ಗುಂಡುಸೂಜಿನೆಲ್ಲಾ ಹೊತ್ಕೊಂಡು ಹೋಗ್ತಿದೆ. ದೂರ ಇಡ್ರೀ ಅದನ್ನ.” ಅವನು ದೂರ ಇಟ್ಟ, ಯೋಚನೆ ಮಾಡಲಿಲ್ಲ.

ಗಿರಣಿಯ ಕೋಣೆಯಲ್ಲಿ ಅಳತೆ ತೆಗೆದಾಗ ಅವನು ಶಿಸ್ತು ಬಿಡಲಿಲ್ಲ. ಹನ್ನೆರಡರ ಗುರುತನ್ನು ಕಿಟಕಿ ಗೋಡೆಯ ಕಡೆಗಿಟ್ಟು, ಬಾಣ ನೋಡಿ, ನೂಲು ಬಿಗಿದ. ತೆಗೆದು ಮತ್ತೆ ಅದೇ ರೀತಿ ಇಟ್ಟು ನೋಡಿದ. ಕೋಣೆಯ ಬೇರೆ ಮೂಲೆಯಲ್ಲಿ, ಮರುದಿನ, ಸಂಜೆ, ಎಷ್ಟು ಸಲ ಇಟ್ಟರೂ ಅದೇ ಉತ್ತರ. ಅಳತೆ ಬದಲಾಗದೆ ಬರುತ್ತಿದೆಯೆಂದರೆ ಅಳತೆ ಸರಿಯಿದೆ ಎಂದು ಅವನು ನಂಬಿದ.

ಗೆರೆ ಅಳಿಸಿದ ಸುದ್ದಿ ತಿಳಿದು ಭಾವ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ. ಹಿಂದೆ ಮ್ಯಾನೇಜರ್, ನಾಲ್ಕಾರು ಕೆಲಸಗಾರರು.

“ಮೆಕ್ಕಾ ಎಲ್ಲಿದೆ ಅಂತ ಇನ್ಮೇಲೆ ನಿನ್ನ ಮಣಿಕಟ್ಟನ್ನ ಕೇಳ್ಬೇಕಾ? ಬ್ಯಾಟರಿ ಮುಗಿದ್ರೆ ಮೆಕ್ಕಾ ಎಲ್ಲಿಗೆ ಹೋಗುತ್ತೋ?”

“ನೀವು ನೋಡಿದ್ದು ಗೋಡೆನ. ಅದನ್ನ ಕಟ್ಟಿದವನು ಅಳತೆಗೆ ಬಂದಿದ್ನೋ ಊಟಕ್ಕೆ ಬಂದಿದ್ನೋ ಯಾರಿಗ್ಗೊತ್ತು?”

“ನಾಲಿಗೆ ಬಿಗಿ ಹಿಡಿ.”

“ನಾನು ಬಿಗಿ ಹಿಡಿಯೋದು ನೂಲನ್ನ, ಭಾವ. ಕೇಳಿ ಇಲ್ಲಿ. ಈ ಸಾಲು ತಪ್ಪಾದ್ರೆ ನೆಲ ನಾನೇ ಒಡೀತೀನಿ. ಆಮೇಲೆ ಜನ್ಮದಲ್ಲಿ ಗಾರೆ ಕರಣೆ ಮುಟ್ಟಲ್ಲ.”

ಭಾವ ಹಿಂದಕ್ಕೆ ತಿರುಗಿದ. “ಎಲ್ರೂ ಕೇಳಿಸ್ಕೊಂಡ್ರಲ್ಲ? ನಾಳೆ ನಾನು ಸುಳ್ಳು ಹೇಳ್ದೆ ಅನ್ಬೇಡಿ.”

ಕೆಲಸ ಮುಗಿಯಿತು. ಅದರ ಅಂದಕ್ಕೆ ಹಗೆಯೂ ತಲೆದೂಗಬೇಕಿತ್ತು. ಗೋಡೆ ಸೇರುವಲ್ಲೆಲ್ಲ ಓರೆಯಾಗಿ ಕತ್ತರಿಸಿದ ತ್ರಿಕೋನದ ತುಂಡುಗಳು ಕೂದಲೆಳೆಯಷ್ಟೂ ಬಾಯಿ ಬಿಟ್ಟಿರಲಿಲ್ಲ. ಬೂದು ಪಟ್ಟಿಗಳು ಈ ಗೋಡೆಯಿಂದ ಆ ಗೋಡೆಗೆ ಒಂದೇ ಉಸಿರಿನಲ್ಲಿ ಓಡಿದ್ದವು.

ಕೋಣೆ ಬಳಕೆಗೆ ಬಂದ ಮಧ್ಯಾಹ್ನ ಜನ ತುಂಬಿದರು. ನಮಾಜಿಗೆ ಸಾಲು ಕಟ್ಟುವಾಗ ಭಾವ ಮುಂದಿನ ಪಟ್ಟಿಯ ಮೇಲೆ ನಿಂತು, ಬೇಕೆಂದೇ ಮೈಯನ್ನು ಓರೆಯಾಗಿ ತಿರುಗಿಸಿದ. ಅವನ ಪಕ್ಕದ ಹಳೆಯ ನೇಕಾರರೂ ತಿರುಗಿದರು. ಉಳಿದವರು ಪಟ್ಟಿಗೆ ಹಿಮ್ಮಡಿ ಕೊಟ್ಟು ನಿಂತರು. ಒಬ್ಬನ ಭುಜ ಇನ್ನೊಬ್ಬನ ಎದೆಗೆ ತಾಗಿತು. ಯಾರೋ ತಳ್ಳಿದರು, ಯಾರೋ ಬೈದರು. ನಮಾಜು ನಡೆಸಲು ಬಂದಿದ್ದ ಇಮಾಮರು ಕೈ ಎತ್ತಿ ಸಾಲನ್ನು ನಿಲ್ಲಿಸಿದರು.

“ಇದನ್ನ ಮೊದಲು ತೀರಿಸಿ,” ಎಂದರು. “ಜಗಳ ಕಾಲಡಿಗೆ ಹಾಕ್ಕೊಂಡು ನಮಾಜು ಮಾಡೋಕಾಗಲ್ಲ.”

ಮೇಸ್ತ್ರಿ ಗಡಿಯಾರ ಬಿಚ್ಚಿ, ಅದರ ಪಟ್ಟಿಯ ತುದಿಗಳನ್ನು ಮತ್ತೆ ಅಂಟಿಸಿ, ಹನ್ನೆರಡನ್ನು ಕಿಟಕಿ ಗೋಡೆಗೆ ಮಾಡಿ ನೆಲದ ಮೇಲಿಟ್ಟ. ಹಸಿರು ಬಾಣ ಬೂದು ಪಟ್ಟಿಗೆ ಅಡ್ಡಲಾಗಿ ಬಂದ ಟೈಲ್ಸಿನ ಸಂದಿಗೆ ಸರಿಯಾಗಿ, ಒಂದಿಷ್ಟೂ ಅತ್ತಿತ್ತ ಇಲ್ಲದೆ ನಿಂತಿತು.

“ನೋಡ್ಕೊಳ್ಳಿ.”

ಭಾವ ಬಗ್ಗಿದ. ಅವನಿಗೆ ಗಡಿಯಾರದ ವಿದ್ಯೆ ಏನೂ ಗೊತ್ತಿರಲಿಲ್ಲ; ಮೈದುನನ ವಸ್ತುವನ್ನು ಒರಟಾಗಿ ಮುಟ್ಟುವ ಹುಮ್ಮಸ್ಸು ಮಾತ್ರ ಇತ್ತು. ಕಸವನ್ನು ಸರಿಸುವ ಹಾಗೆ ತೋರುಬೆರಳಿನಿಂದ ಅದನ್ನು ತಿರುವಿದ. ಗಡಿಯಾರ ಅರ್ಧ ಸುತ್ತು ತಿರುಗಿತು. ಬಾಣವೂ ಅದರ ಜೊತೆಗೇ ತಿರುಗಿ ಬಾಗಿಲ ಕಡೆ, ಆಚೆಗಿದ್ದ ಕ್ಯಾಂಟೀನಿನತ್ತ, ಬೆರಳು ಮಾಡಿತು.

“ಅರೆ, ಮೆಕ್ಕಾ ಕ್ಯಾಂಟೀನಿಗೆ ಹೋಯ್ತಲ್ಲೋ!” ಎಂದ ಭಾವ. ಹಿಂದಿನ ಸಾಲಿನಿಂದ ನಗು ಸಿಡಿಯಿತು.

ಮೇಸ್ತ್ರಿ ನಗುವನ್ನು ಕೇಳಿಸಿಕೊಳ್ಳಲಿಲ್ಲ. ದಿಕ್ಕು ತೋರುವ ಬಾಣ ಗಡಿಯಾರ ತಿರುಗಿದರೂ ಇದ್ದಲ್ಲೇ ಇರಬೇಕು. ತಿರುಗಿತೆಂದರೆ ಅದು ಭೂಮಿಯನ್ನು ನೋಡುತ್ತಿಲ್ಲ, ಹತ್ತಿರದ ಇನ್ನೇನನ್ನೋ ನೋಡುತ್ತಿದೆ. ಪಟ್ಟಿಯ ತುದಿಯಲ್ಲಿ ಟಪ್ಪೆಂದು ಅಂಟುವ ಅಯಸ್ಕಾಂತದ ಕೊಂಡಿ. ಗುಂಡುಸೂಜಿಗಳು. ತಾನು ಒಂದೇ ತಪ್ಪನ್ನು ಒಂದೇ ಶ್ರದ್ಧೆಯಿಂದ ಮತ್ತೆಮತ್ತೆ ಅಳೆದಿದ್ದೆ ಎಂಬುದು ಅವನಿಗೆ ಹೊಳೆಯಿತು.

ಅವನು ಚೀಲದಿಂದ ಸಣ್ಣ ಚೂರಿ ತೆಗೆದು, ಗಡಿಯಾರಕ್ಕೆ ಪಟ್ಟಿ ಸಿಕ್ಕಿಸಿದ ಎರಡೂ ಕಡ್ಡಿಗಳನ್ನು ಮೀಟಿ ಬಿಚ್ಚಿ, ಪಟ್ಟಿಯನ್ನು ಕೊಂಡಿ ಸಮೇತ ಬಾಗಿಲಾಚೆ ಎಸೆದ. ಬರಿಯ ಗಡಿಯಾರವನ್ನು ನೆಲದೊಳಗಿನ ಕಬ್ಬಿಣದ ಸರಳುಗಳಿಂದ ದೂರವಿರಲೆಂದು ಬೋರಲು ಹಾಕಿದ ಪ್ಲಾಸ್ಟಿಕ್ ಬಕೆಟ್ಟಿನ ಮೇಲಿಟ್ಟ. ಕೈಪಿಡಿಯಲ್ಲಿ ಹೇಳಿದಂತೆ ಸುತ್ತಿಸಿ ಹೊಂದಿಸಿದ. ಆಮೇಲೆ ತಾನೇ ತಿರುವಿ ನೋಡಿದ. ಈ ಸಲ ಗಡಿಯಾರ ತಿರುಗಿತು, ಬಾಣ ತಿರುಗಲಿಲ್ಲ. ಬಾಣದ ಜಾಡಿನಲ್ಲಿ ನೂಲು ಬಿಗಿದ. ನೂಲು ಅವನ ಅಚ್ಚುಕಟ್ಟಾದ ಟೈಲ್ಸುಗಳನ್ನು ಓರೆಯಾಗಿ ಕೊಯ್ದುಕೊಂಡು ಹೋಯಿತು.

“ಓರೆ ಇದೆ,” ಎಂದ ಮ್ಯಾನೇಜರ್. “ಎಷ್ಟು ಅಂತ ಹೇಳಪ್ಪಾ. ಪೂರ್ತಿ ಒಡೀಬೇಕಾ?”

ಇಮಾಮರು ಮೇಸ್ತ್ರಿಯ ಮುಖವನ್ನೇ ನೋಡುತ್ತಿದ್ದರು. “ಸ್ವಲ್ಪ ಓರೆಗೆ ನಮಾಜು ಕೆಡಲ್ಲ. ಐದಾರು ಡಿಗ್ರಿ ಒಳಗಿದ್ರೆ ನೆಲ ಹಾಗೇ ಇರ್ಲಿ, ಮಾತೂ ಇಲ್ಲಿಗೇ ಮುಗೀಲಿ. ನೀನೇ ಅಳೆದು ಹೇಳು.”

ಮೇಸ್ತ್ರಿ ಎರಡು ತೋಳಿನ ಕೋನಮಾಪಕ ತೆಗೆದು ಮಂಡಿಯೂರಿದ. ಒಂದು ತೋಳು ಬೂದು ಪಟ್ಟಿಗೆ ಅಡ್ಡಲಾಗಿ ಬಂದ ಟೈಲ್ಸಿನ ಸಂದಿಗೆ, ಇನ್ನೊಂದು ನೂಲಿಗೆ. ಅಂಕಿಗಳು ಸಾಸಿವೆಯಷ್ಟು ಸಣ್ಣವು, ಎಷ್ಟೋ ಕಡೆ ಸವೆದಿದ್ದವು, ನಿಂತವರಿಗೆ ಕಾಣುವಂತಿರಲಿಲ್ಲ. ಭಾವ ಕನ್ನಡಕ ತಂದಿರಲಿಲ್ಲ. ಬಗ್ಗಿ, ಕಣ್ಣು ಕಿರಿದು ಮಾಡಿ, ಏನೂ ಕಾಣದೆ ನೆಟ್ಟಗಾದ.

“ಹೇಳ್ತಾನೆ ನೋಡಿ, ನಾಲ್ಕು ಅಂತಾನೆ,” ಎಂದ ಭಾವ ಜನರ ಕಡೆ ತಿರುಗಿ. “ಕೈಲಿರೋ ಕೆಲಸ ಉಳಿಸ್ಕೊಳ್ಳೋಕೆ ನಾಲ್ಕು ಅನ್ನದೆ ಇನ್ನೇನಂತಾನೆ?”

ಮೇಸ್ತ್ರಿ ತಲೆ ಎತ್ತಿ ಅವನನ್ನು ನೋಡಿದ. ಆ ನೋಟದಲ್ಲಿ ಪಶ್ಚಾತ್ತಾಪವೇನೂ ಇರಲಿಲ್ಲ, ಹಳೆಯ ದ್ವೇಷ ಇದ್ದಷ್ಟೂ ಇತ್ತು. ಆದರೆ ಅಂಕಿ ಅದಕ್ಕೆ ಸಂಬಂಧಪಟ್ಟದ್ದಲ್ಲ. ಅವನು ಕೋನಮಾಪಕದ ತಿರುಪನ್ನು ಬಿಗಿ ಮಾಡಿ, ಇನ್ನೊಮ್ಮೆ ಓದಿಕೊಂಡು, ಹಿಂದಿನ ಸಾಲಿನವರಿಗೂ ಕೇಳುವಂತೆ ಹೇಳಿದ:

“ಹತ್ತೊಂಬತ್ತು ಡಿಗ್ರಿ.”